ಕ್ಯಾನ್ಸರ್ ಕೋಶದ ಆಹಾರವೂ ವಂಶವಾಹಿಗಳ ಆಳ್ವಿಕೆಯೂ

(ನಮ್ಮ ಕೂಟದ ಕನ್ನಡ ರಾಜ್ಯೋತ್ಸವ ಸಮಾರಂಭದಲ್ಲಿ ನೀಡಿದ ವಿಶೇಷ ಉಪನ್ಯಾಸದ ಪಠ್ಯ)



ರಾಜ್ಯೋತ್ಸವದ ದಿನ, ಅದೂ ಹೋಳಿಗೆ ಊಟಕ್ಕೆ ಮುಂಚೆ, ಕ್ಯಾನ್ಸರಿನ ಮಾತೆತ್ತುವುದು ಉಚಿತವಲ್ಲವೆಂದು ನಾವು ಸಮಿತಿಯವರಲ್ಲಿ ನಿವೇದಿಸಿಕೊಂಡಿದ್ದೆವು. ಅವರು ಒಪ್ಪಲಿಲ್ಲ. ವೈದ್ಯಕೀಯ ವಿಷಯವನ್ನೇ ಆರಿಸಿಕೊಳ್ಳಬೇಕು, ಅದನ್ನು ಕನ್ನಡದಲ್ಲೇ ಹೇಳಬೇಕು, ಮೇಲಾಗಿ ಅದು ಹೊಸ ಸಂಗತಿಯಾಗಿರಬೇಕು ಎಂದು ಮೂರು ಷರತ್ತುಗಳನ್ನು ಹಾಕಿದರು. ಮೂರನ್ನೂ ಪಾಲಿಸಲು ಯತ್ನಿಸುತ್ತೇವೆ. ಪಾರಿಭಾಷಿಕ ಪದಗಳಿಗೆ ಕನ್ನಡ ದೊರೆತಲ್ಲಿ ಕನ್ನಡ, ದೊರೆಯದಲ್ಲಿ ಬಳಕೆಯ ಪದ. ಇಷ್ಟು ಸ್ವಾತಂತ್ರ್ಯವನ್ನು ತಾವು ನಮಗೆ ಕೊಡಬೇಕು.

ಪರದೇಶದಲ್ಲಿರುವ ನಮ್ಮಂಥ ವೈದ್ಯರಿಗೆ ಊರಿನಿಂದ ಬರುವ ದೂರವಾಣಿ ಕರೆಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಕೇಳಿಬರುತ್ತದೆ. ಮನೆಯಲ್ಲಿ ಯಾರಿಗೋ ಕ್ಯಾನ್ಸರ್ ಎಂದು ತಿಳಿದು ವಾರವಾಗಿರುತ್ತದೆ. "ಸಕ್ಕರೆ, ಬೆಲ್ಲ, ಅನ್ನ ಎಲ್ಲಾ ನಿಲ್ಲಿಸಿಬಿಟ್ಟಿದ್ದೇವೆ ಡಾಕ್ಟರೇ. ಗೆಡ್ಡೆ ಉಪವಾಸ ಬಿದ್ದು ತಾನಾಗಿಯೇ ಕರಗುತ್ತದಂತೆ, ಹೌದೇ?" ಕೇಳುವವರು ಅವಿದ್ಯಾವಂತರೇನಲ್ಲ. ಇಂಜಿನಿಯರುಗಳು, ಅಧ್ಯಾಪಕರು, ಬ್ಯಾಂಕಿನ ಅಧಿಕಾರಿಗಳು ಹೀಗೆ ಕೇಳುತ್ತಾರೆ. ಈ ಸಭೆಯಲ್ಲಿ ಕುಳಿತಿರುವ ಕೆಲವರೂ ಕೇಳಿದ್ದಾರೆ. ಅಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರಿಸಿ ಫೋನ್ ಇಟ್ಟುಬಿಡಬಹುದು. ಆದರೆ ಆ ನಂಬಿಕೆಯ ಬೇರಿನಲ್ಲಿ ಒಂದು ಸತ್ಯಾಂಶವಿದೆ. ಆ ಸತ್ಯ ಜನರು ಭಾವಿಸಿರುವುದಕ್ಕಿಂತ ವಿಚಿತ್ರವಾದುದು, ಹೆಚ್ಚು ಉಪಯುಕ್ತವಾದುದು. ಅದನ್ನು ತಮ್ಮೆದುರು ಬಿಡಿಸಿಡುವುದೇ ಇಂದಿನ ಉದ್ದೇಶ.

ನಾವು ಎಂ.ಬಿ.ಬಿ.ಎಸ್. ಓದುತ್ತಿದ್ದ ಕಾಲದಲ್ಲಿ ಜೀವರಸಾಯನ ಶಾಸ್ತ್ರವು ಎರಡು ಪ್ರತ್ಯೇಕ ಕಪಾಟುಗಳಲ್ಲಿತ್ತು. ಒಂದು ಕಪಾಟಿನಲ್ಲಿ ಚಯಾಪಚಯ: ಅಂದರೆ ತಿಂದ ಅನ್ನ ಗ್ಲೂಕೋಸ್ ಆಗಿ, ಗ್ಲೂಕೋಸ್ ಹಲವು ಮೆಟ್ಟಿಲುಗಳನ್ನು ಇಳಿದು, ಕ್ರೆಬ್ಸ್ ಚಕ್ರವನ್ನು ಸುತ್ತಿ, ಶಕ್ತಿಯಾಗುವ ಬಗೆ. ಆ ಚಕ್ರದ ಎಂಟು ಆಮ್ಲಗಳ ಹೆಸರನ್ನು ಹಾಸ್ಟೆಲಿನ ತಾರಸಿಯ ಮೇಲೆ ಓಡಾಡುತ್ತ ಬಾಯಿಪಾಠ ಮಾಡದ ವೈದ್ಯರು ನಮ್ಮ ಪೀಳಿಗೆಯಲ್ಲಿ ಇರಲಾರರು. ಇನ್ನೊಂದು ಕಪಾಟಿನಲ್ಲಿ ವಂಶವಾಹಿಗಳು, ಅಂದರೆ ಜೀನುಗಳು. ಇವು ಆಳುವ ಒಡೆಯರು, ಅವು ದುಡಿಯುವ ಆಳುಗಳು. ಒಡೆಯರ ಅಪ್ಪಣೆಯಂತೆ ಆಳುಗಳು ಸೌದೆ ಉರಿಸುತ್ತಾರೆ ಎಂಬುದು ಅಂದಿನ ಪಠ್ಯಪುಸ್ತಕಗಳ ಧೋರಣೆ. ಆಳು ತಿರುಗಿ ಒಡೆಯನಿಗೆ ಅಪ್ಪಣೆ ಕೊಡಬಲ್ಲನೆಂಬುದು ಖಚಿತವಾಗಿ ಸ್ಥಾಪಿತವಾದದ್ದು ಈ ಶತಮಾನದಲ್ಲಿ, ಬಹುಮಟ್ಟಿಗೆ 2008ರ ನಂತರ.

ಕಥೆ ಆರಂಭವಾಗುವುದು ಮಾತ್ರ ನೂರು ವರ್ಷಗಳ ಹಿಂದೆ, ಬರ್ಲಿನ್ ನಗರದಲ್ಲಿ. 1920ರ ದಶಕದಲ್ಲಿ ಆಟೋ ವಾರ್‌ಬರ್ಗ್ ಎಂಬ ಜರ್ಮನ್ ವಿಜ್ಞಾನಿ ಗೆಡ್ಡೆಗಳ ತೆಳುವಾದ ಚೂರುಗಳನ್ನು ಗಾಜಿನ ಪಾತ್ರೆಗಳಲ್ಲಿಟ್ಟು ಅವುಗಳ ಉಸಿರಾಟವನ್ನು ಅಳೆದ. ಸಾಮಾನ್ಯ ಜೀವಕೋಶವು ಆಮ್ಲಜನಕ ದೊರೆಯುವಾಗ ಗ್ಲೂಕೋಸನ್ನು ಪೂರ್ಣವಾಗಿ ದಹಿಸುತ್ತದೆ. ಆಮ್ಲಜನಕ ಸಾಲದಾದಾಗ, ಉದಾಹರಣೆಗೆ ಓಟದ ಪಂದ್ಯದಲ್ಲಿ ನಮ್ಮ ಮಾಂಸಖಂಡಗಳು ಮಾಡುವಂತೆ, ಅರ್ಧಕ್ಕೆ ನಿಲ್ಲಿಸಿ ಲ್ಯಾಕ್ಟಿಕ್ ಆಮ್ಲವನ್ನು ಹೊರಹಾಕುತ್ತದೆ. ಕ್ಯಾನ್ಸರ್ ಕೋಶವೋ, ಆಮ್ಲಜನಕ ಧಾರಾಳವಾಗಿದ್ದಾಗಲೂ ಗ್ಲೂಕೋಸನ್ನು ಅರ್ಧ ಸುಟ್ಟು ಚೆಲ್ಲುತ್ತಿತ್ತು. ಪೂರ್ಣ ದಹನದಲ್ಲಿ ಒಂದು ಗ್ಲೂಕೋಸ್ ಅಣುವಿನಿಂದ ಶಕ್ತಿಯ ನಾಣ್ಯವಾದ ಎ.ಟಿ.ಪಿ. ಸುಮಾರು 30 ದೊರೆಯುತ್ತವೆ. ಅರ್ಧ ದಹನದಲ್ಲಿ ಕೇವಲ 2. ಇಷ್ಟು ದುಂದುಗಾರನಾದ ಕೋಶ ಇಷ್ಟು ವೇಗವಾಗಿ ಬೆಳೆಯುವುದು ಹೇಗೆ? ವಾರ್‌ಬರ್ಗನಿಗೆ 1931ರಲ್ಲಿ ಉಸಿರಾಟದ ಕಿಣ್ವದ ಸಂಶೋಧನೆಗಾಗಿ ನೊಬೆಲ್ ಪಾರಿತೋಷಕ ಬಂದಿತು. ಕೋಶದ ಉಸಿರಾಟ ಕೆಟ್ಟಿರುವುದೇ ಕ್ಯಾನ್ಸರಿನ ಮೂಲ ಕಾರಣವೆಂದು ಆತ 1970ರಲ್ಲಿ ಸಾಯುವ ತನಕ ಹಟದಿಂದ ವಾದಿಸಿದ. ಕಣ್ಣಾರೆ ಕಂಡದ್ದು ಸರಿ, ಕೊಟ್ಟ ಕಾರಣ ತಪ್ಪು: ಬಹುಪಾಲು ಗೆಡ್ಡೆಗಳಲ್ಲಿ ಉಸಿರಾಟದ ಯಂತ್ರಗಳಾದ ಮೈಟೋಕಾಂಡ್ರಿಯಾಗಳು ಕೆಲಸ ಮಾಡುತ್ತಲೇ ಇರುತ್ತವೆ.

ವಾರ್‌ಬರ್ಗ್ ಕಂಡ ಈ ಹಸಿವಿನ ಪ್ರಯೋಜನವನ್ನು ನಾವು ಆಸ್ಪತ್ರೆಗಳಲ್ಲಿ ಪ್ರತಿನಿತ್ಯ ಪಡೆಯುತ್ತಿದ್ದೇವೆ. 'ಪೆಟ್ ಸ್ಕ್ಯಾನ್' ಮಾಡುವಾಗ ರೋಗಿಗೆ ಚುಚ್ಚುವುದು ವಿಕಿರಣ ಸೂಸುವ ಫ್ಲೂರಿನ್ ಅಂಟಿಸಿದ ಗ್ಲೂಕೋಸನ್ನೇ. ಎಲ್ಲಿ ಗ್ಲೂಕೋಸ್ ಹೆಚ್ಚಾಗಿ ಹೀರಲ್ಪಡುತ್ತದೆಯೋ ಅಲ್ಲಿ ಚಿತ್ರ ಹೊಳೆಯುತ್ತದೆ. ಈ ಹೊಳೆಯುವ ಚಿತ್ರವನ್ನು ನೋಡಿದವರೇ "ಕ್ಯಾನ್ಸರ್ ಸಕ್ಕರೆ ತಿನ್ನುತ್ತದೆ" ಎಂಬ ಮಾತನ್ನು ಊರೂರಿಗೆ ಹರಡಿದರೆಂದು ನಮ್ಮ ಊಹೆ. ಆದರೆ ಅದೇ ಚಿತ್ರದಲ್ಲಿ ಮೆದುಳೂ ಹೊಳೆಯುತ್ತಿರುತ್ತದೆ. ಅದಕ್ಕೂ ಗ್ಲೂಕೋಸೇ ಆಹಾರ.

ಇನ್ನು ದುಂದುಗಾರಿಕೆಯ ಒಗಟು. ಮನೆ ಕಟ್ಟುವವನಿಗೆ ಮರವೆಲ್ಲ ಸೌದೆಯಾಗಿ ಉರಿದುಹೋದರೆ ತೊಲೆಗೆ ಮರವೆಲ್ಲಿಂದ ಬರಬೇಕು? ಕ್ಯಾನ್ಸರ್ ಕೋಶಕ್ಕೆ ಶಕ್ತಿಗಿಂತ ಹೆಚ್ಚಾಗಿ ಬೇಕಾದದ್ದು ಕಟ್ಟಡದ ಸಾಮಗ್ರಿ. ಆದುದರಿಂದ ಅದು ಅರ್ಧ ಒಡೆದ ಅಣುಗಳನ್ನು ನಡುದಾರಿಯಲ್ಲೇ ಎತ್ತಿಕೊಂಡು ಕೊಬ್ಬು, ಪ್ರೋಟೀನ್, ಡಿ.ಎನ್.ಎ. ತಯಾರಿಸಲು ತಿರುಗಿಸುತ್ತದೆ. ಇಷ್ಟಕ್ಕೇ ನಿಂತಿದ್ದರೆ ಇದು ಬರೀ ರಸಾಯನ ಶಾಸ್ತ್ರವಾಗಿರುತ್ತಿತ್ತು. ನಿಲ್ಲಲಿಲ್ಲ. ಈ ನಡುದಾರಿಯ ಅಣುಗಳೇ ವಂಶವಾಹಿಗಳ ಮೇಲೆ ಗುರುತು ಹಾಕುವ ಶಾಯಿಯೆಂಬುದು ಬೆಳಕಿಗೆ ಬಂದಿತು.

ಈ ಗುರುತುಗಳನ್ನು ವಿವರಿಸಲು ಓಲೆಗರಿಯ ಹೋಲಿಕೆ ನಮಗೆ ಸಮರ್ಪಕವೆನಿಸಿದೆ. ಓಲೆಗರಿಯ ಮೇಲೆ ಅಕ್ಷರಗಳನ್ನು ಕಬ್ಬಿಣದ ಮೊನೆಯಿಂದ ಕೊರೆಯುತ್ತಿದ್ದರು. ಕೊರೆದಷ್ಟಕ್ಕೆ ಅದು ಕಣ್ಣಿಗೆ ಕಾಣುವುದಿಲ್ಲ. ದೀಪದ ಮಸಿಯನ್ನು ಸವರಿ ಒರೆಸಿದಾಗ ಗೀರುಗಳಲ್ಲಿ ಕಪ್ಪು ನಿಂತು ಅಕ್ಷರ ಓದಲು ಬರುತ್ತದೆ. ಗರಿಗಳನ್ನು ದಾರದಿಂದ ಕಟ್ಟಿಡುತ್ತಾರೆ. ಕಟ್ಟು ಬಿಗಿಯಾಗಿದ್ದರೆ ಒಳಗಿನದನ್ನು ಓದಲಾಗದು. ನಮ್ಮ ಪ್ರತಿಯೊಂದು ಜೀವಕೋಶದಲ್ಲೂ ಹೀಗೆ ಸುಮಾರು 300 ಕೋಟಿ ಅಕ್ಷರಗಳ ಗ್ರಂಥದ ಎರಡು ಪ್ರತಿಗಳಿವೆ. ಬಿಡಿಸಿ ಚಾಚಿದರೆ ಎರಡು ಮೀಟರ್ ಉದ್ದ. ಇದನ್ನು ಹಿಸ್ಟೋನ್ ಎಂಬ ಪ್ರೋಟೀನುಗಳ ಉಂಡೆಗಳಿಗೆ ಸುತ್ತಿ ಕಣ್ಣಿಗೆ ಕಾಣದ ಕೋಶಕೇಂದ್ರದಲ್ಲಿ ತುಂಬಲಾಗಿದೆ. ಯಕೃತ್ತಿನ ಕೋಶದಲ್ಲೂ ಮೆದುಳಿನ ಕೋಶದಲ್ಲೂ ಗ್ರಂಥ ಒಂದೇ. ಯಾವ ಗರಿ ಬಿಚ್ಚಿದೆ, ಯಾವುದು ಕಟ್ಟಿದೆ ಎಂಬುದರಲ್ಲೇ ಅವುಗಳ ಭೇದ.

ಕಟ್ಟನ್ನು ಸಡಿಲಿಸುವ ಮುಖ್ಯ ಗುರುತು ಅಸಿಟೈಲ್. ಹಿಸ್ಟೋನುಗಳಿಗೆ ಇದು ಅಂಟಿಕೊಂಡಾಗ ಸುತ್ತಿಗೆ ಸಡಿಲವಾಗಿ ಆ ಭಾಗದ ಬರಹ ಓದಲು ಸಿಗುತ್ತದೆ. ಮೀಥೈಲ್ ಎಂಬ ಗುರುತು ಡಿ.ಎನ್.ಎ. ಅಕ್ಷರದ ಮೇಲೆಯೇ ಕುಳಿತಾಗ ಸಾಮಾನ್ಯವಾಗಿ ಆ ವಂಶವಾಹಿ ಮೌನವಾಗುತ್ತದೆ. ಅಕ್ಷರ ಅಳಿಸಿಹೋಗಿಲ್ಲ, ತಿದ್ದಿಯೂ ಇಲ್ಲ, ಮುಚ್ಚಿದೆ ಅಷ್ಟೆ. ಹಾಕಿದ ಗುರುತನ್ನು ತೆಗೆಯಲು ಬೇರೆ ಕಿಣ್ವಗಳಿವೆ.

ಆಹಾರಕ್ಕೂ ಈ ಗುರುತುಗಳಿಗೂ ನಂಟಿದೆಯೆಂಬುದನ್ನು ಜೇನುಗೂಡಿನಲ್ಲೇ ನೋಡಬಹುದು. ಕೊಡಗು, ಮಲೆನಾಡುಗಳಿಂದ ಬಂದವರಿಗೆ ಇದು ತಿಳಿದ ವಿಷಯ. ರಾಣಿಜೇನೂ ಕೆಲಸಗಾರ ಜೇನೂ ಒಂದೇ ಬಗೆಯ ಮೊಟ್ಟೆಯಿಂದ ಬಂದವು. ರಾಣಿಯಾಗಬೇಕಾದ ಮರಿಗೆ ರಾಯಲ್ ಜೆಲ್ಲಿ ಎಂಬ ಆಹಾರವನ್ನು ಕೊನೆಯವರೆಗೂ ಧಾರಾಳವಾಗಿ ಉಣಿಸಲಾಗುತ್ತದೆ, ವಂಶವಾಹಿಗಳಲ್ಲಿ ಭೇದವಿಲ್ಲ. 2008ರಲ್ಲಿ ಆಸ್ಟ್ರೇಲಿಯಾದ ಕ್ಯಾನ್‌ಬೆರಾದ ವಿಜ್ಞಾನಿಗಳು ಮರಿಹುಳುಗಳಲ್ಲಿ ಮೀಥೈಲ್ ಗುರುತು ಹಾಕುವ ಕಿಣ್ವವನ್ನು ತಗ್ಗಿಸಿದಾಗ ಬಹುಪಾಲು ಹುಳುಗಳು ರಾಣಿಯ ಲಕ್ಷಣಗಳನ್ನು ಪಡೆದು ಹೊರಬಂದವು. ಮನುಷ್ಯರ ವಿಷಯ ಇಷ್ಟು ಸರಳವಲ್ಲ; ರಾಯಲ್ ಜೆಲ್ಲಿಯ ಡಬ್ಬಿ ಕೊಳ್ಳಲು ಯಾರೂ ಅಂಗಡಿಗೆ ಓಡಬೇಕಾಗಿಲ್ಲ!

ಈಗ ಕೋಶದ ಅಡಿಗೆಮನೆಗೆ ಬರೋಣ. ಅಸಿಟೈಲ್ ಗುರುತಿಗೆ ವಂಶವಾಹಿಗಳ ಆಳ್ವಿಕೆಯಲ್ಲಿ ಪಾತ್ರವಿರಬೇಕೆಂದು ನ್ಯೂಯಾರ್ಕಿನ ವಿನ್ಸೆಂಟ್ ಆಲ್‌ಫ್ರೆ 1964ರಲ್ಲೇ ಸೂಚಿಸಿದ್ದರು. ಆದರೆ ಆ ಅಸಿಟೈಲ್ ಬರುವುದು ಎಲ್ಲಿಂದ? 2009ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಕ್ರೇಗ್ ಥಾಂಪ್ಸನ್ ಅವರ ತಂಡ ಇದರ ಜಾಡು ಹಿಡಿದು ತೋರಿಸಿತು. ಗ್ಲೂಕೋಸಿನಿಂದಾದ ಸಿಟ್ರಿಕ್ ಆಮ್ಲವನ್ನು, ನಮ್ಮ ನಿಂಬೆಹಣ್ಣಿನ ಅದೇ ಆಮ್ಲವನ್ನು, ಒಂದು ಕಿಣ್ವ ತುಂಡರಿಸಿ ಅಸಿಟೈಲ್ ಒದಗಿಸುತ್ತದೆ. ಆ ಕಿಣ್ವವನ್ನು ತಡೆದರೆ ಹಿಸ್ಟೋನುಗಳ ಮೇಲಿನ ಗುರುತು ಕಡಿಮೆಯಾಗುತ್ತದೆ. ಅಂದರೆ ಕೋಶಕ್ಕೆ ಗ್ಲೂಕೋಸ್ ಯಥೇಚ್ಛವಾಗಿ ಬಂದಾಗ ಗರಿಗಳ ಕಟ್ಟು ಸಡಿಲವಾಗಿ, ಬೆಳವಣಿಗೆಯ ವಂಶವಾಹಿಗಳು ಓದಲ್ಪಡುತ್ತವೆ. ವಾರ್‌ಬರ್ಗ್ ಕಸವೆಂದು ಅಳೆದ ಲ್ಯಾಕ್ಟಿಕ್ ಆಮ್ಲವೂ ಬರೀ ಕಸವಾಗಿ ಉಳಿದಿಲ್ಲ. 2019ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಸಂಶೋಧಕರು ಅದೂ ಹಿಸ್ಟೋನುಗಳ ಮೇಲೆ ತನ್ನದೇ ಗುರುತು ಹಾಕುತ್ತದೆಂದು ಕಂಡುಹಿಡಿದರು. ಒಲೆಯ ಮಸಿಯೇ ಗ್ರಂಥದ ಶಾಯಿಯಾದಂತೆ.

ಮೀಥೈಲ್ ಗುರುತಿನ ಮೂಲವೂ ಆಹಾರವೇ. ಮೆಥಿಯೋನಿನ್ ಎಂಬ ಅಮೈನೋ ಆಮ್ಲ ಅದನ್ನು ಹೊತ್ತು ತರುತ್ತದೆ. ಅದನ್ನು ಮತ್ತೆ ಮತ್ತೆ ಸಜ್ಜುಗೊಳಿಸಲು ಸೊಪ್ಪು, ಕಾಳುಗಳಲ್ಲಿರುವ ಫೋಲಿಕ್ ಆಮ್ಲ ಹಾಗೂ ಬಿ-12 ಜೀವಸತ್ವ ಬೇಕು. ಫೋಲಿಕ್ ಆಮ್ಲದ ಮಾತು ಬಂದಾಗ ನಮ್ಮ ನೆರೆಯ ಆಂಧ್ರದವರೊಬ್ಬರನ್ನು ಸ್ಮರಿಸದೆ ಮುಂದುವರಿಯಲು ಮನಸ್ಸು ಬಾರದು. ಅವರು ಎಲ್ಲಾಪ್ರಗಡ ಸುಬ್ಬರಾವ್. 1895ರಲ್ಲಿ ಭೀಮಾವರಂನಲ್ಲಿ ಜನಿಸಿ, ಮದ್ರಾಸಿನಲ್ಲಿ ವೈದ್ಯ ವಿದ್ಯಾಭ್ಯಾಸ ಮುಗಿಸಿದರು. ಅವರಿಗೆ ದೊರೆತದ್ದು ಎಂ.ಬಿ.ಬಿ.ಎಸ್. ಪದವಿಯಲ್ಲ, ಅದಕ್ಕಿಂತ ಕೆಳಗಿನ ಎಲ್.ಎಂ.ಎಸ್. ಮಾತ್ರ. ಮುಂದೆ ಬಾಸ್ಟನ್ ಸೇರಿ, ಸೈರಸ್ ಫಿಸ್ಕೆಯವರ ಜೊತೆಗೂಡಿ 1929ರಲ್ಲಿ ಎ.ಟಿ.ಪಿ.ಯನ್ನು ಗುರುತಿಸಿದರು. ನಾವು ಆಗಲೇ ಎಣಿಸಿದ ಶಕ್ತಿಯ ನಾಣ್ಯ ಅದೇ! ತರುವಾಯ ಲೆಡರ್ಲೆ ಪ್ರಯೋಗಶಾಲೆಯಲ್ಲಿ ಅವರ ತಂಡ ಫೋಲಿಕ್ ಆಮ್ಲವನ್ನು ಕೃತಕವಾಗಿ ತಯಾರಿಸಿ, ಅದನ್ನೇ ಹೋಲುವ ಆದರೆ ಅದರ ಕೆಲಸವನ್ನು ಕೆಡಿಸುವ ಅಮಿನಾಪ್ಟೆರಿನ್ ಎಂಬ ವಸ್ತುವನ್ನು ರೂಪಿಸಿತು. ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಅದನ್ನು ರಕ್ತದ ಕ್ಯಾನ್ಸರಿನ 16 ಮಕ್ಕಳಿಗೆ ಕೊಟ್ಟು, 10 ಮಕ್ಕಳಲ್ಲಿ ರೋಗ ತಾತ್ಕಾಲಿಕವಾಗಿ ಹಿಮ್ಮೆಟ್ಟಿತೆಂದು 1948ರ ಜೂನ್ ತಿಂಗಳಲ್ಲಿ ವರದಿ ಮಾಡಿದರು. ಅದೇ ಆಗಸ್ಟಿನಲ್ಲಿ ಸುಬ್ಬರಾವ್ ತೀರಿಕೊಂಡರು. ಆ ಔಷಧ ಕೆಲಸ ಮಾಡಿದ್ದು ಮುಖ್ಯವಾಗಿ ಡಿ.ಎನ್.ಎ.ಯ ಅಕ್ಷರಗಳ ತಯಾರಿಕೆಯನ್ನು ನಿಲ್ಲಿಸಿ, ಗುರುತುಗಳನ್ನು ಬದಲಿಸಿ ಅಲ್ಲ. ಆದರೂ ಕ್ಯಾನ್ಸರಿನ ಅಡಿಗೆಮನೆಗೆ ಕೈಹಾಕಿ ರೋಗವನ್ನು ಹಿಂದಕ್ಕೆ ಸರಿಸಿದ ಮೊದಲ ಸಾಹಸಗಳಲ್ಲಿ ಅದು ಒಂದು. ಈ ದೇಶಕ್ಕೆ ಬಂದು ದುಡಿದ ಭಾರತೀಯರ ಪಟ್ಟಿ ಮಾಡುವಾಗ ಈ ಹೆಸರನ್ನು ನಾವು ಬಿಟ್ಟುಬಿಡುವುದೇ ಹೆಚ್ಚು.

ಇಷ್ಟು ಹೊತ್ತು ಹೇಳಿದ್ದು ಪೀಠಿಕೆ. ಇನ್ನು ಇಂದಿನ ವಿಷಯದ ಹೃದಯಕ್ಕೆ ಬರುತ್ತೇವೆ.

2008ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ತಂಡದವರು ಮೆದುಳಿನ ಅತ್ಯುಗ್ರ ಗೆಡ್ಡೆಯಾದ ಗ್ಲಿಯೋಬ್ಲಾಸ್ಟೋಮಾದ 22 ಮಾದರಿಗಳನ್ನು ತೆಗೆದುಕೊಂಡು, 20,000ಕ್ಕೂ ಮೀರಿದ ವಂಶವಾಹಿಗಳನ್ನು ಒಂದೊಂದಾಗಿ ಓದಿದರು. ಎಲ್ಲರೂ ನಿರೀಕ್ಷಿಸಿದ್ದ ಹಳೆಯ ಅಪರಾಧಿಗಳ ನಡುವೆ ಯಾರೂ ನಿರೀಕ್ಷಿಸದ ಒಂದು ಹೆಸರು ಕಾಣಿಸಿತು: ಐಸೊಸಿಟ್ರೇಟ್ ಡಿಹೈಡ್ರೋಜಿನೇಸ್, ಸಂಕ್ಷಿಪ್ತವಾಗಿ ಐ.ಡಿ.ಎಚ್. ಇದು ನಾವು ತಾರಸಿಯ ಮೇಲೆ ಬಾಯಿಪಾಠ ಮಾಡಿದ ಕ್ರೆಬ್ಸ್ ಚಕ್ರದ ಬಂಧುವರ್ಗದ ಸಾಧು ಕಿಣ್ವ. ಒಂದು ಆಮ್ಲವನ್ನು ಆಲ್ಫಾ ಕೀಟೋಗ್ಲುಟರೇಟ್ ಎಂಬ ಇನ್ನೊಂದು ಆಮ್ಲವಾಗಿ ಮಾರ್ಪಡಿಸುವುದಷ್ಟೇ ಇದರ ಕೆಲಸ. ಇಂಥ ಅಡಿಗೆಭಟ್ಟನ ಹೆಸರು ಕೊಲೆಗಾರರ ಪಟ್ಟಿಗೆ ಬಂದದ್ದು ಹೇಗೆ? ಮರುವರ್ಷದ ಅಧ್ಯಯನದಲ್ಲಿ, ಕೆಳದರ್ಜೆಯ ಗ್ಲಿಯೋಮಾ ಗೆಡ್ಡೆಗಳಲ್ಲಿ ಶೇಕಡಾ 70ಕ್ಕೂ ಮೀರಿ ಇದೇ ದೋಷವಿರುವುದು ತಿಳಿಯಿತು. ಮತ್ತೂ ಆಶ್ಚರ್ಯವೆಂದರೆ, ಬಹುತೇಕ ಎಲ್ಲರಲ್ಲೂ ದೋಷ ಒಂದೇ ಸ್ಥಾನದಲ್ಲಿತ್ತು: 132ನೆಯ ಅಮೈನೋ ಆಮ್ಲ. ಕಿಣ್ವ ಕೆಟ್ಟು ನಿಲ್ಲಲು ನೂರು ದಾರಿಗಳಿವೆ. ಒಂದೇ ಜಾಗದಲ್ಲಿ ಪೆಟ್ಟು ಬೀಳುತ್ತಿದೆಯೆಂದರೆ ಅದು ಕೆಟ್ಟಿಲ್ಲ, ಹೊಸ ಕಸುಬು ಕಲಿತಿದೆ ಎಂದರ್ಥ.

ಆ ಹೊಸ ಕಸುಬು ಯಾವುದೆಂದು 2009ರ ಕೊನೆಗೆ ಗೊತ್ತಾಯಿತು. ದೋಷಯುಕ್ತ ಕಿಣ್ವವು ಆಲ್ಫಾ ಕೀಟೋಗ್ಲುಟರೇಟನ್ನು ತಯಾರಿಸುವ ಬದಲು ಅದನ್ನೇ ನುಂಗಿ, 2-ಹೈಡ್ರಾಕ್ಸಿಗ್ಲುಟರೇಟ್ ಎಂಬ ವಸ್ತುವನ್ನು ಉತ್ಪಾದಿಸುತ್ತದೆ. ಆರೋಗ್ಯವಂತ ಕೋಶದಲ್ಲಿ ಇದು ಲೇಶಮಾತ್ರ. ಗೆಡ್ಡೆಗಳಲ್ಲಿ ಅದರ ನೂರು ಪಟ್ಟಿನವರೆಗೂ ಶೇಖರವಾಗಿರುತ್ತದೆ. ಇವೆರಡು ಅಣುಗಳೂ ಅವಳಿಗಳಂತೆ. ಒಂದು ಮೂಲೆಯಲ್ಲಿ ಮಾತ್ರ ಅಲ್ಪ ಭೇದ.

ಅದೇ 2009ರಲ್ಲಿ ಬಾಸ್ಟನ್ನಿನಲ್ಲಿ, ಭಾರತೀಯ ಮೂಲದ ವಿಜ್ಞಾನಿ ಅಂಜನಾ ರಾವ್ ಅವರ ತಂಡ ಇನ್ನೊಂದು ತುದಿಯಿಂದ ಕೆಲಸ ಮಾಡುತ್ತಿತ್ತು. ಡಿ.ಎನ್.ಎ. ಮೇಲಿನ ಮೀಥೈಲ್ ಗುರುತನ್ನು ಮಾರ್ಪಡಿಸಿ ಅಳಿಸಲು ದಾರಿ ಮಾಡುವ 'ಟೆಟ್' ಎಂಬ ಕಿಣ್ವವನ್ನು ಅವರು ಕಂಡುಹಿಡಿದರು. ಈ ಅಳಿಸುವ ಕಿಣ್ವ ಕೆಲಸ ಮಾಡಬೇಕಾದರೆ ಕಬ್ಬಿಣ, ಆಮ್ಲಜನಕಗಳ ಜೊತೆಗೆ ಒಂದು ಸಹಾಯಕ ಅಣು ಬೇಕು. ಅದು ಯಾವುದೆಂದು ತಾವು ಊಹಿಸಿರಬಹುದು: ಆಲ್ಫಾ ಕೀಟೋಗ್ಲುಟರೇಟ್. ಅದರ ಜಾಗದಲ್ಲಿ ಅವಳಿಯಾದ 2-ಹೈಡ್ರಾಕ್ಸಿಗ್ಲುಟರೇಟ್ ಬಂದು ಕುಳಿತರೆ ಬೀಗದಲ್ಲಿ ತಪ್ಪು ಕೀಲಿ ಸಿಕ್ಕಿಕೊಂಡಂತೆ. ಅಳಿಸುವ ಕಿಣ್ವ ಸ್ತಬ್ಧವಾಗುತ್ತದೆ. ಗುರುತು ಹಾಕುವ ಕಿಣ್ವ ಮಾತ್ರ ತನ್ನ ಪಾಡಿಗೆ ಹಾಕುತ್ತಲೇ ಹೋಗುತ್ತದೆ. ಗ್ರಂಥದ ಗರಿಗಳು ಒಂದೊಂದಾಗಿ ಮುಚ್ಚಿಹೋಗುತ್ತವೆ. 2012ರಲ್ಲಿ ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್‌ನ ಸಂಶೋಧಕರು ಸಾಮಾನ್ಯ ಮೆದುಳಿನ ಕೋಶಗಳಿಗೆ ಈ ಒಂದೇ ದೋಷವನ್ನು ಸೇರಿಸಿ ಬೆಳೆಸಿದಾಗ, ಪೀಳಿಗೆಯಿಂದ ಪೀಳಿಗೆಗೆ ಮೀಥೈಲ್ ಗುರುತುಗಳು ಹೆಚ್ಚುತ್ತ ಹೋಗಿ ರೋಗಿಗಳ ಗೆಡ್ಡೆಗಳಲ್ಲಿ ಕಂಡ ವಿನ್ಯಾಸವೇ ಮೂಡಿತು.

ಹೀಗೆ ಮುಚ್ಚಿಹೋಗುವ ಬರಹದಲ್ಲಿ ಕೋಶಕ್ಕೆ ಪ್ರೌಢತೆಯನ್ನು ಕಲಿಸುವ ಅಧ್ಯಾಯಗಳಿವೆ. ಅವು ಓದಲು ಸಿಗದಿದ್ದರೆ ಕೋಶವು ಬಾಲ್ಯಾವಸ್ಥೆಯಲ್ಲೇ ಉಳಿದು ವಿಭಜಿಸುತ್ತಲೇ ಇರುತ್ತದೆ. ವಿಪರ್ಯಾಸವೆಂದರೆ ಕೆಲವೆಡೆ ಮುಚ್ಚುವಿಕೆಯಿಂದಲೇ ಬೇಡದ ವಂಶವಾಹಿ ತೆರೆದುಕೊಳ್ಳುತ್ತದೆ. ವಂಶವಾಹಿಗಳ ನಡುವೆ ಬೇಲಿಗಳಿರುತ್ತವೆ. 2016ರಲ್ಲಿ ಬಾಸ್ಟನ್ನಿನ ತಂಡವೊಂದು ತೋರಿಸಿದಂತೆ, ಮೀಥೈಲ್ ಗುರುತು ಬೇಲಿಯ ಗೂಟಗಳ ಮೇಲೆ ಬಿದ್ದು ಬೇಲಿ ಕುಸಿದಾಗ, ನೆರೆಯ ಹೊಲದ ನೀರು ಬೆಳವಣಿಗೆಯ ಒಂದು ವಂಶವಾಹಿಗೆ ಹರಿದು ಅದನ್ನು ಕೊಬ್ಬಿಸುತ್ತದೆ. ಹಣೆಬರಹವೆಂದು ನಮ್ಮಲ್ಲಿ ಹೇಳುವ ವಾಡಿಕೆ. ಇಲ್ಲಿ ಕೆಟ್ಟಿರುವ ಮೂಲಾಕ್ಷರ ಒಂದೇ ಒಂದು. ಉಳಿದ ಸಾವಿರಾರು ಬದಲಾವಣೆಗಳು ಬರಹದ ಮೇಲೆ ಬಳಿದ ಬಣ್ಣ. ಬಳಿದದ್ದನ್ನು ತೊಳೆಯಲು ಸಾಧ್ಯವೇ?

ಸಾಧ್ಯವೆಂಬುದಕ್ಕೆ ಮೊದಲ ಸಾಕ್ಷ್ಯ ರಕ್ತದ ಕ್ಯಾನ್ಸರಿನಲ್ಲಿ ದೊರೆಯಿತು. ವಯಸ್ಕರಿಗೆ ಬರುವ ತೀವ್ರ ಮೈಲಾಯ್ಡ್ ಲ್ಯುಕೀಮಿಯಾದ ರೋಗಿಗಳಲ್ಲಿ ಸುಮಾರು ಐದರಲ್ಲಿ ಒಬ್ಬರಿಗೆ ಐ.ಡಿ.ಎಚ್. ದೋಷವಿರುತ್ತದೆ. ಈ ಕಿಣ್ವವನ್ನು ತಡೆಯುವ ಎನಾಸಿಡೆನಿಬ್ ಮಾತ್ರೆಗೆ ಅಮೆರಿಕದಲ್ಲಿ 2017ರ ಆಗಸ್ಟಿನಲ್ಲಿ, ಐವೊಸಿಡೆನಿಬ್ ಮಾತ್ರೆಗೆ 2018ರ ಜುಲೈನಲ್ಲಿ ಮಂಜೂರಾತಿ ದೊರೆಯಿತು. ಬೇರೆ ಚಿಕಿತ್ಸೆಗಳು ವಿಫಲವಾದ ಅಥವಾ ರೋಗ ಮರುಕಳಿಸಿದ ರೋಗಿಗಳಲ್ಲಿ ಎನಾಸಿಡೆನಿಬ್‌ಗೆ ನೂರಕ್ಕೆ ಸುಮಾರು 40 ಮಂದಿ ಸ್ಪಂದಿಸಿದರು. ಸಂಖ್ಯೆಗಿಂತ ನಮಗೆ ಬೆರಗು ಹುಟ್ಟಿಸಿದ್ದು ಸ್ಪಂದಿಸಿದ ರೀತಿ. ಸಾಂಪ್ರದಾಯಿಕ ಕೀಮೋಥೆರಪಿಯಲ್ಲಿ ಮೂಳೆಯ ಮಜ್ಜೆ ಮೊದಲು ಬರಿದಾಗುತ್ತದೆ, ಕೋಶಗಳು ಸಾಯುತ್ತವೆ. ಇಲ್ಲಿ ಹಾಗಾಗಲಿಲ್ಲ. ರೋಗಗ್ರಸ್ತ ಎಳೆಯ ಕೋಶಗಳು ಬೆಳೆದು ದೊಡ್ಡವಾಗಿ, ಸೋಂಕಿನೊಡನೆ ಹೋರಾಡುವ ಪ್ರೌಢ ಬಿಳಿರಕ್ತಕಣಗಳಾದವು. ಅವನ್ನು ಪರೀಕ್ಷಿಸಿದಾಗ ಐ.ಡಿ.ಎಚ್. ದೋಷ ಅವುಗಳಲ್ಲಿ ಇನ್ನೂ ಇತ್ತು! ಅಕ್ಷರದೋಷ ಹಾಗೆಯೇ ಇದ್ದರೂ, ತಪ್ಪು ಶಾಯಿಯ ಪೂರೈಕೆ ನಿಂತೊಡನೆ ಗ್ರಂಥ ಮತ್ತೆ ಓದಲು ಬಂದಿತ್ತು. ಇದರಲ್ಲಿ ಅಪಾಯವೂ ಇದೆ. ಕೋಶಗಳು ಒಮ್ಮೆಲೇ ಪ್ರೌಢವಾಗುವಾಗ ಜ್ವರ, ಉಸಿರಾಟದ ತೊಂದರೆ, ಮೈ ಊದುವಿಕೆ ಕಾಣಿಸಬಹುದು. ಸ್ಟೀರಾಯ್ಡ್ ಔಷಧವನ್ನು ತಡಮಾಡದೆ ಕೊಡಬೇಕು. ಮನೆಯವರು ಇದನ್ನು ಸಾಮಾನ್ಯ ಜ್ವರವೆಂದು ಎರಡು ದಿನ ಕಾಯುವಂತಿಲ್ಲ. ಮತ್ತು ಅನೇಕರಲ್ಲಿ ಕಾಲಾಂತರದಲ್ಲಿ ರೋಗ ಬೇರೆ ದಾರಿ ಹುಡುಕಿ ಮರಳುತ್ತದೆ.

ಮೆದುಳಿನ ಗೆಡ್ಡೆಗೆ ಔಷಧ ಬರಲು ಇನ್ನಷ್ಟು ಕಾಲ ಹಿಡಿಯಿತು. ರಕ್ತದಿಂದ ಮೆದುಳಿಗೆ ಎಲ್ಲ ಔಷಧಗಳೂ ದಾಟಲಾರವು. ದಾಟುವಂತೆ ರೂಪಿಸಿದ ವೊರಾಸಿಡೆನಿಬ್ ಮಾತ್ರೆಯ ಪ್ರಯೋಗದ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಶಸ್ತ್ರಚಿಕಿತ್ಸೆಯಾದ, ಬೇರೆ ಚಿಕಿತ್ಸೆ ಪಡೆಯದ, ಎರಡನೆಯ ದರ್ಜೆಯ ಗ್ಲಿಯೋಮಾ ಇದ್ದ 331 ರೋಗಿಗಳು ಅದರಲ್ಲಿ ಭಾಗವಹಿಸಿದ್ದರು. ಹುಸಿಮಾತ್ರೆ ಪಡೆದವರಲ್ಲಿ ರೋಗ ಮುಂದುವರಿಯದೆ ನಿಂತ ಮಧ್ಯಮ ಅವಧಿ 11.1 ತಿಂಗಳು, ಔಷಧ ಪಡೆದವರಲ್ಲಿ 27.7 ತಿಂಗಳು. 2024ರ ಆಗಸ್ಟಿನಲ್ಲಿ ಅಮೆರಿಕದಲ್ಲಿ 12 ವರ್ಷ ಮತ್ತು ಮೇಲ್ಪಟ್ಟವರಿಗೆ ಅದು ಮಂಜೂರಾಯಿತು. ಇದು ರೋಗವನ್ನು ನಿರ್ಮೂಲ ಮಾಡುವ ಔಷಧವಲ್ಲ. ಯಕೃತ್ತಿನ ಮೇಲೆ ಕಣ್ಣಿಟ್ಟಿರಬೇಕು. ಆದರೆ ಈ ಗೆಡ್ಡೆಗಳು ಬರುವುದು ಬಹುಮಟ್ಟಿಗೆ ಮೂವತ್ತು, ನಲವತ್ತರ ವಯಸ್ಸಿನವರಿಗೆ, ಚಿಕ್ಕ ಮಕ್ಕಳ ತಂದೆತಾಯಿಯರಿಗೆ. ಮೆದುಳಿಗೆ ವಿಕಿರಣ ಚಿಕಿತ್ಸೆ ಕೊಡುವುದನ್ನು, ಅದರಿಂದಾಗುವ ನೆನಪು ಮತ್ತು ಗ್ರಹಣಶಕ್ತಿಯ ಕುಂದನ್ನು, ಒಂದೆರಡು ವರ್ಷ ಮುಂದೂಡಲಾಗುವುದೆಂದರೆ ಅಂಥ ಸಂಸಾರಕ್ಕೆ ಅದು ಸಣ್ಣ ಮಾತಲ್ಲ.

ಈಗ ಫೋನಿನ ಪ್ರಶ್ನೆಗೆ ಉತ್ತರ. ಕೋಶದ ಆಹಾರ ವಂಶವಾಹಿಗಳನ್ನು ಆಳುವುದಾದರೆ, ಆಹಾರ ನಿಲ್ಲಿಸಿ ಕ್ಯಾನ್ಸರನ್ನು ಆಳಬಹುದಲ್ಲವೇ? ಇಲ್ಲ. ನಾವು ತಿನ್ನುವ ಆಹಾರ ಬೇರೆ, ಕೋಶ ತಿನ್ನುವ ಆಹಾರ ಬೇರೆ. ಬಾಯಿಗೆ ಒಂದು ಚಮಚ ಸಕ್ಕರೆಯನ್ನೂ ಹಾಕದಿದ್ದರೂ ಯಕೃತ್ತು ಗ್ಲೂಕೋಸನ್ನು ತಾನೇ ತಯಾರಿಸಿ ರಕ್ತದಲ್ಲಿ ಕಾಪಾಡುತ್ತದೆ. ಉಪವಾಸದಲ್ಲೂ ಅದು ಡೆಸಿಲೀಟರಿಗೆ 70ರಿಂದ 100 ಮಿಲಿಗ್ರಾಂ ಆಸುಪಾಸಿನಲ್ಲಿರುತ್ತದೆ. ಇಲ್ಲದಿದ್ದರೆ ಏಕಾದಶಿ ಮಾಡುವವರು ಪ್ರಜ್ಞೆ ತಪ್ಪಿ ಬೀಳುತ್ತಿದ್ದರು. ಗೆಡ್ಡೆ ಆ ರಕ್ತದಿಂದಲೇ ಎತ್ತಿಕೊಳ್ಳುತ್ತದೆ. ಗ್ಲೂಕೋಸ್ ಸಾಲದಾದರೆ ಗ್ಲುಟಮಿನ್, ಕೊಬ್ಬುಗಳತ್ತ ಹೊರಳುತ್ತದೆ. ಉಪವಾಸ ಬೀಳುವುದು ರೋಗಿ. ಮಾಂಸಖಂಡ ಕರಗಿ ತೂಕ ಇಳಿದ ರೋಗಿಗೆ ಪೂರ್ಣ ಪ್ರಮಾಣದ ಚಿಕಿತ್ಸೆ ಕೊಡಲಾಗುವುದಿಲ್ಲ. ಕೀಮೋಥೆರಪಿಯ ನಡುವೆ ರುಚಿಯೇ ಸತ್ತಿರುವ ತಾಯಿಗೆ ಒಂದು ಬಟ್ಟಲು ಪಾಯಸ ಇಳಿಯುತ್ತದೆಂದಾದರೆ, ಸಕ್ಕರೆಕಾಯಿಲೆ ಮೊದಲಾದ ಅಡ್ಡಿಯಿಲ್ಲದಿದ್ದಲ್ಲಿ, ದಯವಿಟ್ಟು ಕೊಡಿ.

ರೋಗ ಬರುವುದಕ್ಕೆ ಮುಂಚಿನ ಮಾತು ಬೇರೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ತಜ್ಞರು 2016ರಲ್ಲಿ ಬೊಜ್ಜಿಗೆ ಸಂಬಂಧಿಸಿದ 13 ಬಗೆಯ ಕ್ಯಾನ್ಸರುಗಳನ್ನು ಗುರುತಿಸಿದ್ದಾರೆ. ಆದುದರಿಂದ ಆರೋಗ್ಯವಂತರು ಎರಡನೆಯ ಹೋಳಿಗೆಗೆ ಕೈ ಚಾಚುವ ಮುನ್ನ ಯೋಚಿಸಿದರೆ ನಮಗೆ ಸಂತೋಷವೇ! ಜೀವಸತ್ವದ ಮಾತ್ರೆಗಳಿಂದ ಮೀಥೈಲ್ ಗುರುತುಗಳನ್ನು "ಸರಿಪಡಿಸುವ" ಜಾಹೀರಾತುಗಳಿಗೂ ಮರುಳಾಗಬೇಡಿ. ದೊಡ್ಡ ಕರುಳಿನ ಗಂಟುಗಳು ಮರುಕಳಿಸದಂತೆ ಫೋಲಿಕ್ ಆಮ್ಲ ತಡೆಯುವುದೇ ಎಂದು ನಡೆಸಿದ, 2007ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅದು ತಡೆಯಲಿಲ್ಲ. ಗರ್ಭಿಣಿಯರಿಗೆ ಫೋಲಿಕ್ ಆಮ್ಲ ಅವಶ್ಯ. ಅದರ ಬಗ್ಗೆ ಯಾವ ಸಂದೇಹವೂ ಬೇಡ.

ಊರಿನ ಬಂಧುಗಳಿಂದ ಇಂಥ ಕರೆ ಬಂದಾಗ ಪಥ್ಯದ ಬದಲಿಗೆ ವರದಿಯನ್ನು ಕುರಿತು ಕೇಳಿ ಎಂದು ನಾವು ಬೇಡುತ್ತೇವೆ. ಮೆದುಳಿನ ಗ್ಲಿಯೋಮಾ, ತೀವ್ರ ಮೈಲಾಯ್ಡ್ ಲ್ಯುಕೀಮಿಯಾ, ಪಿತ್ತನಾಳದ ಕ್ಯಾನ್ಸರ್, ಈ ಮೂರರಲ್ಲಿ ಯಾವುದೇ ಆಗಿದ್ದರೂ "ಐ.ಡಿ.ಎಚ್. ಪರೀಕ್ಷೆ ಆಗಿದೆಯೇ?" ಎಂಬುದು ಮೊದಲ ಪ್ರಶ್ನೆ. ಭಾರತದಲ್ಲೂ ಈ ಪರೀಕ್ಷೆ ಲಭ್ಯ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಗ್ಲಿಯೋಮಾಗಳಲ್ಲಿ ಈ ದೋಷವನ್ನು ಕುರಿತು ಸಂಶೋಧನೆಯನ್ನೇ ನಡೆಸಿದ್ದಾರೆ. ಸಾಮಾನ್ಯವಾಗಿ ಮೊದಲು ಮಾಡುವುದು ಗೆಡ್ಡೆಯ ಚೂರಿಗೆ ಬಣ್ಣ ಹಾಕುವ ಪರೀಕ್ಷೆ. ಅದು ಗ್ಲಿಯೋಮಾದಲ್ಲಿ ಅತಿ ಸಾಮಾನ್ಯವಾದ ಒಂದು ದೋಷವನ್ನು ಮಾತ್ರ ಹಿಡಿಯುತ್ತದೆ. ಹತ್ತರಲ್ಲಿ ಸುಮಾರು ಒಂದು ತಪ್ಪಿಸಿಕೊಳ್ಳಬಹುದಾದ್ದರಿಂದ, ವಿಶೇಷವಾಗಿ 55 ವರ್ಷದೊಳಗಿನ ರೋಗಿಯಲ್ಲಿ ಬಣ್ಣ ಬಾರದಿದ್ದರೆ ಅಕ್ಷರಗಳನ್ನೇ ಓದುವ ಪರೀಕ್ಷೆ ಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2021ರ ವರ್ಗೀಕರಣದಲ್ಲಿ ಈ ಉತ್ತರವಿಲ್ಲದೆ ವಯಸ್ಕರ ಗ್ಲಿಯೋಮಾಕ್ಕೆ ಸರಿಯಾದ ಹೆಸರನ್ನೇ ಇಡಲಾಗದು. ಐ.ಡಿ.ಎಚ್. ದೋಷ ಇದೆಯೆಂದು ಬಂದರೆ ಮನೆಯವರು ಎದೆಗೆಡಬೇಕಾಗಿಲ್ಲ. ಅದಿರುವ ಗ್ಲಿಯೋಮಾ ರೋಗಿಗಳು ಅದಿಲ್ಲದವರಿಗಿಂತ ಹೆಚ್ಚು ಕಾಲ ಬಾಳುತ್ತಾರೆ.

ಇದರ ಹಿಂದೆಯೇ ಬರುವ ಪ್ರಶ್ನೆ, "ಇದು ಮಕ್ಕಳಿಗೂ ಬರುವುದೇ?" ಐ.ಡಿ.ಎಚ್. ದೋಷ ಹುಟ್ಟುವುದು ಗೆಡ್ಡೆಯ ಕೋಶದಲ್ಲಿ ಮಾತ್ರ. ತಂದೆತಾಯಿಯಿಂದ ಬಂದುದಲ್ಲ, ಮಕ್ಕಳಿಗೆ ಹೋಗುವುದೂ ಇಲ್ಲ. ಅಣ್ಣತಮ್ಮಂದಿರು ರಕ್ತಪರೀಕ್ಷೆಗೆ ಸಾಲುಗಟ್ಟಬೇಕಾಗಿಲ್ಲ. ಆದರೆ ಕ್ರೆಬ್ಸ್ ಚಕ್ರದ ಇನ್ನೆರಡು ಕಿಣ್ವಗಳ ಸಂಗತಿ ಬೇರೆ. ಸಕ್ಸಿನೇಟ್ ಡಿಹೈಡ್ರೋಜಿನೇಸ್ ಮತ್ತು ಫ್ಯೂಮರೇಸ್ ಕೆಟ್ಟಾಗ ಶೇಖರವಾಗುವ ಆಮ್ಲಗಳೂ ಅಳಿಸುವ ಕಿಣ್ವಗಳನ್ನು ಅದೇ ರೀತಿ ಕಟ್ಟಿಹಾಕುತ್ತವೆ, ಮತ್ತು ಈ ದೋಷಗಳು ವಂಶದಲ್ಲಿ ಹರಿದುಬರುತ್ತವೆ. 2000ದಲ್ಲಿ ಪತ್ತೆಯಾದ ಮೊದಲನೆಯದರಲ್ಲಿ ಕತ್ತಿನ ಪಕ್ಕದಲ್ಲಿ ಅಥವಾ ಮೂತ್ರಪಿಂಡದ ಮೇಲಿನ ಗ್ರಂಥಿಯಲ್ಲಿ ಗೆಡ್ಡೆಗಳಾಗಿ, ರಕ್ತದೊತ್ತಡ ಏಕಾಏಕಿ ಏರುವುದು, ಎದೆಬಡಿತ, ಬೆವರು ಕಾಣಿಸಬಹುದು. 2002ರಲ್ಲಿ ಪತ್ತೆಯಾದ ಎರಡನೆಯದರಲ್ಲಿ ಚರ್ಮದ ಗಂಟುಗಳು, ಚಿಕ್ಕ ವಯಸ್ಸಿನಲ್ಲೇ ಗರ್ಭಕೋಶದ ಗಡ್ಡೆಗಳು, ಮತ್ತು ಉಗ್ರವಾದ ಮೂತ್ರಪಿಂಡದ ಕ್ಯಾನ್ಸರ್. ಒಂದೇ ಮನೆತನದಲ್ಲಿ ಇವು ಇಬ್ಬರಿಗೆ ಬಂದಿದ್ದರೆ ಸಂಕೋಚಪಡದೆ ತಮ್ಮ ವೈದ್ಯರಿಗೆ ತಿಳಿಸಿ. ಅಂಥ ಕುಟುಂಬಗಳಲ್ಲಿ ಒಡಹುಟ್ಟಿದವರ, ಮಕ್ಕಳ ರಕ್ತಪರೀಕ್ಷೆ ಮಾಡಿಸಲೇಬೇಕು. ದೋಷವಿರುವವರಿಗೆ ಕಾಲಕಾಲಕ್ಕೆ ಸ್ಕ್ಯಾನ್ ಮಾಡುತ್ತಿದ್ದರೆ ಗೆಡ್ಡೆಯನ್ನು ಚಿಕ್ಕದಿರುವಾಗಲೇ ತೆಗೆದುಹಾಕಬಹುದು.